ಎಲ್ಲರ ಮನೆಯ ಅರವತ್ತು

‘ಪ್ರೋಗ್ರಾಮಿನಲ್ಲಿ ತಪ್ಪಿಲ್ಲ. ನಿಮ್ಮ ಅಂಕಿಗಳನ್ನು ನೀವು ಒಮ್ಮೆಯಾದರೂ ನೋಡಿದ್ದೀರಾ?’

ನಾರ್ವೆಯ ಯಾವಳೋ ಹೆಂಗಸು ಬರೆದಿದ್ದ ಈ ಎರಡು ವಾಕ್ಯಗಳನ್ನು ಗುರುಪಾದಸ್ವಾಮಿ ಮತ್ತೆ ಮತ್ತೆ ಓದಿದ. ಕೊಳ್ಳೇಗಾಲದ ಕಾಲೇಜಿನಲ್ಲಿ ಇಷ್ಟು ವರ್ಷ ಸಂಖ್ಯಾಶಾಸ್ತ್ರ ಪಾಠ ಮಾಡಿದವನನ್ನು ಕೇಳುವ ಪ್ರಶ್ನೆಯೇ ಇದು?

ಅವಳ ಪರಿಚಯ ಅವನಿಗಿರಲಿಲ್ಲ. ಲೆಕ್ಕದ ಪ್ರೋಗ್ರಾಮ್ ಕೈಕೊಟ್ಟವರು ಮೇಲ್ ಬರೆದರೆ, ಬಲ್ಲವರು ಎಲ್ಲಿಂದಲೋ ಬಿಡಿಸಿಕೊಡುವ ಗುಂಪೊಂದು ಇಂಟರ್‌ನೆಟ್ಟಿನಲ್ಲಿತ್ತು. ಮೊದಲ ಸಲ ಅವನು ‘ಪರಮಪೂಜ್ಯರೇ, ತಮ್ಮ ಅಮೂಲ್ಯ ಸಮಯವನ್ನು...’ ಎಂದು ಶುರುಮಾಡಿದ್ದ. ‘ನಮಸ್ಕಾರ ಬೇಡ, ಅಂಕಿಗಳನ್ನು ಕಳಿಸಿ’ ಎಂದು ಯಾರೋ ಗದರಿದ್ದರು. ಕಳಿಸಿದ್ದ.

ತರಬೇತಿ ಕೊಟ್ಟರೆ ರೇಷ್ಮೆಗೂಡಿನ ಇಳುವರಿ ಹೆಚ್ಚುತ್ತದೆಯೇ ಎಂಬುದು ಅವನ ಪಿಎಚ್.ಡಿ. ವಿಷಯ. ಈ ತಿಂಗಳೊಳಗೆ ಪ್ರಬಂಧ ಸಲ್ಲಿಸದಿದ್ದರೆ ನೋಂದಣಿ ರದ್ದು. ಭಾವಮೈದುನನ ಮದುವೆ ಕಾರ್ಡಿನಲ್ಲಿ ಆಗಲೇ ‘ಡಾ. ಗುರುಪಾದಸ್ವಾಮಿ’ ಎಂದು ಅಚ್ಚಾಗಿತ್ತು.

ಅಂಕಿಗಳನ್ನು ಪರದೆಗೆ ತಂದ. ಕಾಮಗೆರೆಯ ಪ್ರತಿ ಹೆಸರಿನ ಮುಂದೆಯೂ ಅರವತ್ತು. ನೂರು ಚಿಟ್ಟೆ ಇಟ್ಟ ಮೊಟ್ಟೆಗೆ ಅರವತ್ತು ಕೆ.ಜಿ. ಗೂಡು. ತರಬೇತಿ ಪಡೆದವರಿಗೂ ಅರವತ್ತು, ಪಡೆಯದವರಿಗೂ ಅರವತ್ತು. ವಿದ್ಯಾರ್ಥಿಗಳು ಮನೆಮನೆಗೆ ಹೋಗಿ ಕೇಳಿ, ಟೈಪ್ ಮಾಡಿ ಕೊಟ್ಟಿದ್ದರು. ಅವನು ಹಾಗೆಯೇ ಪ್ರೋಗ್ರಾಮಿಗೆ ಉಣಿಸಿದ್ದ; ಏರಿಳಿತವೇ ಇಲ್ಲದ್ದನ್ನು ಹೋಲಿಸಲಾರದೆ ಅದು ಕೈಚೆಲ್ಲಿತ್ತು. ಅಂಕಿಗಳನ್ನು ಕಣ್ಣಿನಿಂದ ನೋಡುವುದು ಗುಮಾಸ್ತರ ಕೆಲಸವೆಂದು ಅವನು ನಂಬಿದ್ದ.

“ಏನ್ ಸಾ, ಮಕ ಇಂಗಾಯ್ತು? ಫಾರಿನ್‌ನೋರು ಬೈದ್ರಾ?” ಸೈಬರ್ ಸೆಂಟರಿನ ಮೋಹನ್ ಕೇಳಿದ.

“ಏನಿಲ್ಲ. ಮತ್ತೆ ಬರ್ತೀನಿ.”

ಕಾಮಗೆರೆಯ ಬಸ್ಸು ಹತ್ತಿದ.

ವಿದ್ಯಾರ್ಥಿಗಳನ್ನು ಮನೆಮನೆಗೆ ಕರೆದೊಯ್ದವಳು ಅವನ ಸೋದರತ್ತೆ ಪುಟ್ಟಮಾದಮ್ಮ. ಈಗ ರೇಷ್ಮೆಹುಳದ ಮನೆಯ ಬಾಗಿಲಿಗೆ ಅಡ್ಡ ನಿಂತಿದ್ದಳು.

“ಅಲ್ಲೇ ನಿಂತ್ಕ ಕಣಪ್ಪ. ಉಳ ನಾಕ್ನೇ ಜ್ವರ ಮುಗ್ಸಿ, ಪೊರೆ ಬುಟ್ಟು ಎದ್ದವೆ, ಮೇಯ್ತಾವೆ.”

“ಅತ್ತೆ, ನಮ್ಮ ಹುಡುಗರು ಕೇಳಿದಾಗ ಊರವರೆಲ್ಲ ಅರವತ್ತು ಅಂದುಬಿಟ್ಟಿದ್ದಾರಲ್ಲ?”

“ಇನ್ನೇನಂದಾರು? ಜಾಸ್ತಿ ಅಂದ್ರೆ ಕಣ್ ತಾಕ್ತದೆ, ಕಮ್ಮಿ ಅಂದ್ರೆ ಮರ್ವಾದಿ ಓಯ್ತದೆ. ಮೊದುಲ್ನೇ ಮನೇಲಿ ಅರವತ್ತಂದ್ರಾ, ಮುಗೀತು. ಎಲ್ರುದೂ ಅದೇಯ.”

“ಮೊದಲನೇ ಮನೆ ಯಾರದು?”

“ನಮ್ದೇ.”

“ನಿಜ ಹೇಳು. ನಿನಗೆ ಎಷ್ಟಾಗಿತ್ತು?”

“ಅರವತ್ತು.”

“ನಾನೇನು ಹೊರಗಿನವನಾ? ನಿನ್ನ ಅಣ್ಣನ ಮಗ.”

“ಅದ್ಕೇ ಕಣಪ್ಪ. ಒರುಗ್ನೋರ್ ಕಣ್ಣಾದ್ರೆ ನಿವಾಳ್ಸಿ ಎಸೀಬೋದು. ಒಳುಗ್ನೋರ್ದು ಓಗಕಿಲ್ಲ.” ನಗುತ್ತಲೇ ಬಾಗಿಲು ಎಳೆದುಕೊಂಡಳು. “ಕುಂತ್ಕ, ಕಾಪಿ ಕಾಯುಸ್ತೀನಿ.”

ಕಾಫಿಯೂ ಹೊರಕ್ಕೇ ಬಂತು. ಚೆನ್ನಾಗಿತ್ತು.

ಮಧ್ಯಾಹ್ನ ಮತ್ತೆ ಸೈಬರ್ ಸೆಂಟರಿನಲ್ಲಿ ಕುಳಿತು ಗುಂಪಿಗೆ ಬರೆದ: ‘ಅರವತ್ತರ ಆಸುಪಾಸಿನಲ್ಲಿ, ನಿಜವೆಂಬಂತೆ ಏರಿಳಿಯುವ ಅಂಕಿಗಳನ್ನು ಪ್ರೋಗ್ರಾಮಿನಿಂದಲೇ ಹುಟ್ಟಿಸುವುದು ಹೇಗೆ?’ ವಾಸ್ತವಕ್ಕೆ ಅಪಚಾರವಾಗಬಾರದೆಂದು, ಅಲ್ಲೊಂದು ಇಲ್ಲೊಂದು ಬೆಳೆ ಪೂರ್ತಿ ಹೋಗಿರಬೇಕು ಎಂದೂ ಸೇರಿಸಿದ.

ಉತ್ತರಗಳು ಬೇಗನೆ ಬಂದವು. ನಾರ್ವೆಯವಳದು ಎಲ್ಲಕ್ಕಿಂತ ಚೊಕ್ಕ, ಎರಡೇ ಸಾಲು. ಅದನ್ನು ಒಂದೇ ಸಾಲಿಗೆ ಇಳಿಸುವ ಬಗ್ಗೆ ಇಬ್ಬರು ಜಗಳವಾಡುತ್ತಿದ್ದರು. ಯಾಕೆ ಬೇಕು ಎಂದು ಯಾರೂ ಕೇಳಲಿಲ್ಲ. ಕಾಮಗೆರೆಯಲ್ಲಾದರೆ ಮೊದಲು ಅದನ್ನೇ ಕೇಳುತ್ತಿದ್ದರು.

ಗುಂಡಿ ಒತ್ತಿದ. ಅದೇ ಹೆಸರುಗಳು, ಬೇರೆ ಬೇರೆ ಇಳುವರಿ. ತರಬೇತಿಯಿಂದ ಪ್ರಯೋಜನವಿಲ್ಲ ಎಂದಿತು ಪ್ರೋಗ್ರಾಮ್. ಮತ್ತೆ ಒತ್ತಿದ. ಇನ್ನೊಂದು ಕಾಮಗೆರೆ. ಅಲ್ಲೂ ಪ್ರಯೋಜನವಿಲ್ಲ. ಒತ್ತುತ್ತಲೇ ಹೋದ. ಊರುಗಳು ಹುಟ್ಟಿ ಅಳಿದವು. ಕೊನೆಗೊಂದು ಕಾಮಗೆರೆಯಲ್ಲಿ ತರಬೇತಿ ಫಲ ಕೊಟ್ಟಿತು.

ಡಾಕ್ಟರ್ ಗುರುಪಾದಸ್ವಾಮಿ ಅಂಕಿಗಳನ್ನು ಒಂದೊಂದಾಗಿ ನೋಡಿದ. ಈ ಸಲ ಕಣ್ಣಿನಿಂದಲೇ.

ತರಬೇತಿ ಪಡೆಯದವರ ಪಟ್ಟಿಯಲ್ಲಿ, ಪುಟ್ಟಮಾದಮ್ಮ: ಸೊನ್ನೆ.

ಒಳಗಿನವರ ಕಣ್ಣು ಹೋಗುವುದಿಲ್ಲ ಎಂದಿದ್ದಳು ಅತ್ತೆ. ಮೂಢತನ, ಅಂದುಕೊಂಡ. ಆದರೂ ಸೊನ್ನೆ ಅಳಿಸಿ ಅರವತ್ತು ತುಂಬಿದ. ಫಲಿತಾಂಶ ಕುಸಿಯಿತು. ತರಬೇತಿಯಿಂದ ಪ್ರಯೋಜನವಿಲ್ಲ. ಐವತ್ತು ಹಾಕಿದ, ನಲವತ್ತು ಹಾಕಿದ. ಇಲ್ಲ. ಅತ್ತೆಯ ಹುಳ ಒಂದೂ ಉಳಿಯದಿದ್ದರೆ ಮಾತ್ರ ಪ್ರಬಂಧ ನಿಲ್ಲುತ್ತಿತ್ತು.

ಸೊನ್ನೆಯನ್ನು ವಾಪಸು ಇಟ್ಟ.

“ಬಾಗ್ಲಾಕ್ಬೇಕು ಸಾ. ಪ್ರಿಂಟ್ ಕೊಡ್ಲಾ?”

“ತಡಿ.”

“ಏನಾರ ತಪ್ಪಾಗದಾ?”

“ಇಲ್ಲ. ಎಲ್ಲ ಸರಿಯಾಗಿದೆ.”

ಗುರುಪಾದಸ್ವಾಮಿ ಕೈ ಚಾಚಿ, ಪರದೆಯ ಮೇಲೆ ಅತ್ತೆಯ ಆ ಒಂದು ಸಾಲನ್ನು ಹೆಬ್ಬೆರಳಿನಿಂದ ಮುಚ್ಚಿದ. ಗಾಜು ಬೆಚ್ಚಗಿತ್ತು. ಬೆರಳ ಮೇಲೂ ಕೆಳಗೂ ಊರಿನ ಬೆಳೆ ತುಂಬಿ ಬಂದಿತ್ತು.