ಬಿಟ್ಟುಹೋದ ಎರಡು ಮೈಲಿ

"ಮೋರಿ ಪಕ್ಕದ ನಾಗರಕಲ್ಲಿಗೆ ಕೈ ಮುಗ್ದ್ಯಾ?" ಎಂದು ಕಂಠಪ್ಪ ಕೇಳಿದ. ಮಾತು ಅರ್ಧ ಬಾಯಿಯಿಂದಲೇ ಹೊರಡಬೇಕಾಗಿದ್ದರಿಂದ ಎರಡು ಸಲ ಕೇಳಬೇಕಾಯಿತು. ಮಂಗಳಗೌರಿ ಗಂಜಿಯ ಚಮಚ ಹಿಡಿದುಕೊಂಡೇ ಯೋಚಿಸಿದಳು. ಬೆಳಗಿನಿಂದ ನಡೆದ ದಾರಿಯಲ್ಲಿ ಯಾವ ನಾಗರಕಲ್ಲೂ ಕಂಡಿರಲಿಲ್ಲ.

ಗಂಡನಿಗೆ ಲಕ್ವ ಹೊಡೆದಾಗ, ಧರ್ಮಸ್ಥಳಕ್ಕೆ ಬರಿಗಾಲಲ್ಲಿ ನಡೆದು ಬರುತ್ತೇನೆಂದು ಅವಳು ಹರಕೆ ಹೊತ್ತಿದ್ದಳು. ಹೊರುವಾಗ ಯಾರು ತಾನೇ ಹಿಂದುಮುಂದು ನೋಡುತ್ತಾರೆ? ಊರವರ ಜೊತೆ ಹೊರಟರೆ ದಾರಿಯಲ್ಲಿ ಸಿಕ್ಕ ಛತ್ರದಲ್ಲಿ ಮಲಗಬೇಕು. ಕಂಠಪ್ಪನೋ ಅವಳ ಕೈಯಿಂದಲ್ಲದೆ ತುತ್ತು ಮುಟ್ಟುವವನಲ್ಲ. ಮಗಳು ಮಧುಶ್ರೀ ಉಣಿಸಲು ಹೋದರೆ ಬಾಯಿ ಬಿಗಿಹಿಡಿಯುತ್ತಿದ್ದ. ಅದಕ್ಕೇ ಹುಣಸೂರಿನ ಶಕೀಲನ ಓಮ್ನಿಯನ್ನು ಗೊತ್ತುಮಾಡಿಕೊಂಡಿದ್ದಳು. ಹಗಲು ನಡೆಯುವುದು, ಸಂಜೆ ವ್ಯಾನಿನಲ್ಲಿ ಹನಗೋಡಿನ ಮನೆಗೆ ವಾಪಸಾಗುವುದು, ಮರುದಿನ ನಿಲ್ಲಿಸಿದ ಜಾಗದಲ್ಲೇ ಇಳಿದು ಮತ್ತೆ ನಡೆಯುವುದು. ಒಂದು ಹೆಜ್ಜೆ ಬಿಟ್ಟರೂ ಹರಕೆ ಸಲ್ಲದೆಂದು ಅವಳು ಮೊದಲೇ ಹೇಳಿದ್ದರಿಂದ ಶಕೀಲ ಪ್ರತಿ ಸಂಜೆ ರಸ್ತೆಯಂಚಿನಲ್ಲಿ ಸುಣ್ಣದ ಗೀಟು ಹಾಕುತ್ತಿದ್ದ. ಮೂರು ದಿನದಲ್ಲಿ ಪಿರಿಯಾಪಟ್ಟಣ ದಾಟಿಯಾಗಿತ್ತು. ಮಡಿಕೇರಿ ಘಾಟಿ ಸಿಕ್ಕ ಮೇಲೆ ದಿನಾ ಮನೆಗೆ ಬರುವುದು ಹೇಗೆಂದು ಇಬ್ಬರೂ ಮಾತೆತ್ತಿರಲಿಲ್ಲ.

ಇಪ್ಪತ್ತೆರಡು ವರ್ಷ ಅದೇ ರಸ್ತೆಯಲ್ಲಿ ಬಸ್ಸು ಓಡಿಸಿದವನು ಕಂಠಪ್ಪ. ಅವಳು ಅಂದಂದು ನಡೆದ ದಾರಿಯನ್ನು ಸಂಜೆ ಹಾಸಿಗೆಯಲ್ಲಿ ಮಲಗಿ ಕೇಳಿಸಿಕೊಳ್ಳುವುದೇ ಅವನಿಗೆ ಉಳಿದಿದ್ದ ಸುಖ. ಈಗ ಅವಳ ಮುಖ ನೋಡಿ ದಾರಿ ಎಲ್ಲೋ ಬಿಟ್ಟುಹೋಗಿದೆಯೆಂದು ಅವನಿಗೆ ತಿಳಿದುಹೋಯಿತು. "ಮಂಜಿತ್ತೇನೋ, ಕಂಡಿರಾಕಿಲ್ಲ. ಬುಡು," ಎಂದ. ಆದರೆ ಅವನಿಗೆ ಸುಳ್ಳು ಹೇಳಲು ಬಾರದು, ಗಟ್ಟಿಮುಟ್ಟಾಗಿದ್ದಾಗಲೂ ಬರುತ್ತಿರಲಿಲ್ಲ.

ಅವಳು ಫೋನ್ ಮಾಡಿ ಕೇಳಿದಾಗ ಶಕೀಲ ಹೆಚ್ಚು ಹೊತ್ತು ಮುಚ್ಚಿಡಲಿಲ್ಲ. ಹಿಂದಿನ ಸಂಜೆ ಅವಳ ಹಿಮ್ಮಡಿ ಒಡೆದು ವ್ಯಾನಿನ ಮ್ಯಾಟಿಗೆಲ್ಲ ರಕ್ತ ಮೆತ್ತಿತ್ತಂತೆ. ಬೆಳಗಿನ ಮಂಜಿನಲ್ಲಿ ಎರಡು ಮೈಲಿ ಮುಂದೆ ಇಳಿಸಿದರೆ ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡನಂತೆ. "ನಿಮ್ ಕಾಲು ನೋಡಕಾಗ್ನಿಲ್ಲ ಕಣಕ್ಕ," ಎಂದ. ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು.

ಮರುದಿನ ನಡಿಗೆ ಬೇಡವೆಂದು ಅವಳು ತೀರ್ಮಾನಿಸಿಕೊಂಡಿದ್ದಳು. ಕಂಠಪ್ಪನಿಗೆ ಕಫ ಕಟ್ಟಿ ಉಸಿರು ಗೊರಗೊರ ಎನ್ನುತ್ತಿತ್ತು. ಈಗ ಬಿಟ್ಟ ದಾರಿಯ ಹೆದರಿಕೆ ಅದಕ್ಕಿಂತ ದೊಡ್ಡದಾಯಿತು. ಹರಕೆ ತುಂಡಾಗಿ ಬಿದ್ದಿದ್ದರೆ ಗಂಡ ಉಳಿದಾನೇ? ಬೆಳಗಾಗುತ್ತಲೇ ಹೊರಟು ನಿಂತಳು.

"ಎಲ್ಡೇ ಮೈಲಿ. ಗಂಜಿ ಒತ್ಗೆ ಬಂದ್ಬುಡ್ತೀನಿ."

ಕಂಠಪ್ಪ ಆಡುವ ಕೈಯಿಂದ ಅವಳ ಸೆರಗು ಹಿಡಿದುಕೊಂಡ. "ಓಗ್ಬ್ಯಾಡ," ಎಂದ. ಮದುವೆಯಾದಾಗಿನಿಂದ ಅವನು ಅವಳನ್ನು ಯಾವುದಕ್ಕೂ ತಡೆದವನಲ್ಲ. ಯಾರಿಗಾಗಿ ನಡೆಯುತ್ತಿದ್ದೇನೆಂದು ಇವರಿಗೆ ಅರ್ಥವಾಗದಲ್ಲ ಎಂದು ನೊಂದುಕೊಳ್ಳುತ್ತಾ ಅವಳು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಶಕೀಲ ಅವಳನ್ನು ಬಿಟ್ಟುಹೋದ ದಾರಿಯ ಶುರುವಿನಲ್ಲಿ ಇಳಿಸಿ, ಮುಖ ಕೊಟ್ಟು ಮಾತಾಡಲಾಗದೆ ಎರಡು ಮೈಲಿ ಮುಂದೆ ಹೋಗಿ ವ್ಯಾನು ನಿಲ್ಲಿಸಿಕೊಂಡ. ಅವಳು ಬಟ್ಟೆ ಸುತ್ತಿದ ಕಾಲನ್ನು ಎಳೆದು ಹಾಕುತ್ತಾ ನಡೆದಳು. ಮೋರಿ ಸಿಕ್ಕಿತು, ಬೇವಿನ ಮರದಡಿ ನಾಗರಕಲ್ಲೂ ಸಿಕ್ಕಿತು. ಅದರ ಮುಂದೆ ಬಹಳ ಹೊತ್ತು ನಿಂತು ಕೇಳಬೇಕಾದ್ದನ್ನೆಲ್ಲ ಕೇಳಿಕೊಂಡಳು.

ಶಕೀಲನ ಫೋನು ಹೊಡೆದುಕೊಂಡಾಗ ಅವಳಿನ್ನೂ ರಸ್ತೆಯ ಆ ತುದಿಯಲ್ಲಿ ಸಣ್ಣಗೆ ಕಾಣುತ್ತಿದ್ದಳು. ಆ ಕಡೆಯಿಂದ ಮಧುಶ್ರೀ, "ಅಂಕಲ್, ಅಪ್ಪ ಓಗ್ಬುಟ್ರು. ಅಮ್ಮಂಗೆ ನೀವೇ ಯೋಳಿ," ಎಂದಳು.

ಅವನು ಕೀಲಿ ತಿರುಗಿಸಿ ವ್ಯಾನು ಚಾಲು ಮಾಡಿದ, ಮತ್ತೆ ಆರಿಸಿದ. ಹೋಗಿ ಕರೆದುಕೊಂಡು ಬಂದರೆ ಮಿಕ್ಕ ದಾರಿ ಇನ್ನೊಮ್ಮೆ ಬಿಟ್ಟುಹೋಗುತ್ತದೆ. ಒಮ್ಮೆ ಹಾಗೆ ಮಾಡಿದ್ದೇ ಸಾಕಾಗಿತ್ತು ಅವನಿಗೆ. ಇಳಿದು ರಸ್ತೆ ಪಕ್ಕ ನಿಂತುಕೊಂಡ. ಹೇಗೆ ಹೇಳುವುದೆಂದು ನಾಲ್ಕಾರು ಥರ ಯೋಚಿಸಿದ.

ಅವಳು ಕುಂಟುತ್ತಾ ಬಂದಳು. ನಾಲ್ಕು ದಿನದಲ್ಲಿ ಅವಳು ನಕ್ಕಿದ್ದನ್ನು ಅವನು ನೋಡಿದ್ದು ಅದೇ ಮೊದಲು.

"ಮುಗೀತು ಕಣಪ್ಪ. ಬಿರ್ನೆ ನಡಿ, ಅಲ್ಲಿ ಅಸ್ಕೊಂಡಿರ್ತಾರೆ," ಎಂದು ತಾನೇ ವ್ಯಾನಿನ ಬಾಗಿಲು ಎಳೆದು ಒಳಗೆ ಕೂತಳು.