ತಾಯಿಯ ಹೆಸರಿನ ಅರ್ಜಿ

ನ್ಯಾಯಾಧೀಶರು ಕನ್ನಡಕ ತೆಗೆದಿಟ್ಟು ಕೇಳಿದರು: “ತಾಯಿಯ ಹೆಸರು ಬರೆಯದಿದ್ದರೆ ಮಗುವಿಗೆ ಏನು ನಷ್ಟ, ವಕೀಲರೇ?”

ಇದಕ್ಕೆ ನನ್ನ ಬಳಿ ಉತ್ತರ ಸಿದ್ಧವಿತ್ತು. ನನ್ನ ಕಕ್ಷಿಗಾರ್ತಿ ನೂರಿಯ್ಲಾ, ರಾಜಧಾನಿ ಬಿಷ್ಕೆಕ್‌ನ ಬಜಾರಿನಲ್ಲಿ ಕಾಲುಚೀಲ ಮಾರಿ ಮಗಳನ್ನು ಒಬ್ಬಳೇ ಬೆಳೆಸಿದವಳು. ಆದರೆ ಕಾನೂನಿನ ಪ್ರಕಾರ ಮಗಳ ಹೆಸರಿನ ಜೊತೆಗೆ ಬರುವುದು, ಒಂದು ದಿನವೂ ಮುಖ ತೋರಿಸದ ಅಪ್ಪನ ಹೆಸರು. ಹೆಣ್ಣು ಗಂಡು ಸಮಾನರೆಂದು ಸಂವಿಧಾನವೇ ಹೇಳುವಾಗ ‘ನೂರಿಯ್ಲಾಳ ಮಗಳು’ ಎಂದು ಬರೆಸಲು ಏನಡ್ಡಿ? ಇಷ್ಟೇ ನಮ್ಮ ವಾದ.

ಬಾಯಿ ತೆರೆದೆ. ಹಿಂದಿನ ಬೆಂಚಿನಲ್ಲಿ ಐಜಿರೆಕ್ ಕೂತಿದ್ದಳು. ಸಿದ್ಧ ಮಾಡಿದ್ದ ಹಾಳೆ ಮಡಿಸಿಟ್ಟೆ.

ಐಜಿರೆಕ್ ಕಾಗದದ ಮೇಲೆ ನನ್ನ ತಂಗಿ. ನಾನು ಟೊಕ್ಟೊಬೆಕನ ಮಗಳು ಬುರುಲ್, ಅವಳು ಟೊಕ್ಟೊಬೆಕನ ಮಗಳು ಐಜಿರೆಕ್. ಅವಳನ್ನು ಹೆತ್ತವಳು ನಾನು, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಮದುವೆಯಿಲ್ಲದೆ.

“ಮೊದಲ ಕೂಸು ಅಜ್ಜ ಅಜ್ಜಿದು. ನಮ್ಮಲ್ಲಿ ಇದೇನು ಹೊಸದಾ?” ಎಂದಿದ್ದಳು ಅಮ್ಮ, ಕೂಸನ್ನು ತೊಟ್ಟಿಲಿಗೆ ಕಟ್ಟುವ ಪಟ್ಟಿ ಬಿಗಿಯುತ್ತ. “ನೀನು ಬಿಷ್ಕೆಕ್‌ಗೆ ಹೋಗಿ ಕಾನೂನು ಓದು. ಇವಳು ನಿನ್ನನ್ನ ಅಕ್ಕ ಅಂತಾಳೆ, ಅಷ್ಟೇ ತಾನೇ?”

ಪದ್ಧತಿ ನಮ್ಮದೇ, ನಿಜ. ಆದರೆ ಅಜ್ಜಿ ಸಾಕಿದ ಮಗುವಿಗೂ ಹೆತ್ತವಳು ಯಾರೆಂದು ಊರಿಗೆಲ್ಲ ಗೊತ್ತಿರುತ್ತದೆ. ನಾನು ಆ ಪದ್ಧತಿಯನ್ನೇ ಮುಸುಕು ಮಾಡಿಕೊಂಡೆ. ಅಪ್ಪ ಅಮ್ಮ ತೀರಿಕೊಂಡ ಮೇಲೂ ತೆಗೆಯಲಿಲ್ಲ. ಯಾರೂ ನನ್ನ ಬಾಯಿ ಕಟ್ಟಿರಲಿಲ್ಲ, ನಾನು ಹೇಡಿ.

“ವಕೀಲರೇ?”

“ಮಗು ತಾಯಿಯನ್ನ ಬೇರೇನೋ ಕರೀತಾ ಬೆಳೆಯುತ್ತೆ, ಮಾನ್ಯರೇ,” ಎಂದೆ. “ತಾಯಿನೂ ನಾಚಿಕೆಯಿಲ್ಲದೆ ಓಗೊಡ್ತಾಳೆ.”

ನೂರಿಯ್ಲಾ ನನ್ನ ತೋಳು ಜಗ್ಗಿದಳು. “ಮೇಡಂ, ಇದು ನಮ್ಮ ಅರ್ಜೀಲಿ ಇಲ್ವಲ್ಲ!”

ಮೂರು ವಾರಕ್ಕೆ ತೀರ್ಪು ಬಂತು. ಹದಿನೆಂಟು ತುಂಬಿದವರು ಬಯಸಿದರೆ ತಾಯಿಯ ಹೆಸರು ಹಾಕಿಕೊಳ್ಳಬಹುದು. “ನನ್ನ ಮಗಳಿಗಿನ್ನೂ ಹನ್ನೆರಡು. ಅರ್ಧ ಗೆದ್ವಿ ಅನ್ನಿ,” ಎಂದು ನೂರಿಯ್ಲಾ ನನಗೆ ಆರು ಜೊತೆ ಕಾಲುಚೀಲ ಕೊಟ್ಟು ಹೋದಳು.

ಅಂದು ಸಂಜೆ ಐಜಿರೆಕ್ ಮನೆಗೆ ಬಂದಳು. ಇವತ್ತು ಹೇಳಲೇಬೇಕು ಎಂದುಕೊಂಡು ಚಹಾ ಸುರಿದೆ. ಗಮನವಿಲ್ಲದೆ ಬಟ್ಟಲನ್ನು ಅಂಚಿನವರೆಗೆ ತುಂಬಿಸಿಬಿಟ್ಟೆ.

“ಅರ್ಧ ಬಟ್ಟಲು ಕೊಡೋದು ಮರೆತ್ಯಾ? ತುಂಬಿಸಿ ಕೊಟ್ರೆ ಕುಡಿದು ಜಾಗ ಖಾಲಿ ಮಾಡು ಅಂತ ತಾನೇ?” ಎಂದು ನಕ್ಕಳು. ಆಮೇಲೆ ಚೀಲದಿಂದ ಒಂದು ಅರ್ಜಿ ತೆಗೆದಳು. “ನೀನು ವಕೀಲೆ. ಸರಿಯಾಗಿ ತುಂಬಿದೀನಾ ನೋಡು.”

ಹೊಸ ಹೆಸರು ಎಂಬಲ್ಲಿ ದುಂಡಗೆ ಬರೆದಿದ್ದಳು: ಬುರುಲ್‌ಳ ಮಗಳು ಐಜಿರೆಕ್.

“ಯಾವಾಗಿಂದ ಗೊತ್ತು?” ಎಂದೆ.

“ಏಳನೇ ಕ್ಲಾಸಿಂದ. ಸಾಯೋ ಮುಂಚೆ ಅಜ್ಜಿ ಹೇಳಿದ್ಲು.” ನನ್ನ ಅಮ್ಮನನ್ನು ಅವಳು ಅಜ್ಜಿ ಎಂದದ್ದು ಅದೇ ಮೊದಲು. “ನೀನೇ ಹೇಳ್ತೀಯ ಅಂತ ಕಾದೆ. ಒಂಬತ್ತು ವರ್ಷ. ಅವತ್ತು ಆ ಜಡ್ಜ್‌ಗೆ ಹೇಳ್ದೆ, ನನಗೆ ಹೇಳ್ಲಿಲ್ಲ.”

ನಾನು ಅರ್ಜಿ ಹಿಂದಕ್ಕಿಟ್ಟೆ. ವಕೀಲಿಕೆಯ ಮಾತೇ ಮೊದಲು ಬಂತು. “ಇದನ್ನ ಹೀಗೇ ಕೊಟ್ರೆ ತಳ್ಳಿಹಾಕ್ತಾರೆ. ಮೊದಲು ಜನನ ಪತ್ರ ತಿದ್ದಿಸಬೇಕು. ಅದಕ್ಕೆ ನಾನು ಕೋರ್ಟಲ್ಲಿ ನಿಂತು, ಬರೆಸಿದ್ದು ಸುಳ್ಳು ಅಂತ ಎಲ್ಲರೆದುರು ಒಪ್ಕೋಬೇಕು.”

“ಒಪ್ಕೋತೀಯಾ?”

“ಒಪ್ಕೋತೀನಿ.”

“ಕೋರ್ಟು ಆಮೇಲೆ,” ಎಂದಳು ಐಜಿರೆಕ್. “ಮೊದಲು ಇಲ್ಲಿ ಹೇಳು. ನಾನು ನಿನಗೆ ಏನಾಗ್ಬೇಕು?”

ನೂರಾರು ಪುಟ ವಾದಿಸಿದ ಬಾಯಿ ನನ್ನದು. ಮೂರಕ್ಷರದ ‘ಮಗಳು’ ಎಂಬ ಮಾತು ಹೊರಬರುವಷ್ಟರಲ್ಲಿ ಅವಳ ಬಟ್ಟಲಿನ ಚಹಾ ತಣ್ಣಗಾಗಿತ್ತು.