ಮಂಗನ ಬೋನಿಗೆ ಬಿದ್ದ ನರಿ

ಗ್ಯಾನಮ್ಮನ ಹಟ್ಟಿಯಲ್ಲಿ ಹನ್ನೊಂದು ಕುರಿಮರಿಗಳಿದ್ದವು. ಈಗ ಏಳು ಉಳಿದಿದ್ದವು. ನಾಲ್ಕನ್ನು ನರಿ ಒಯ್ದಿತ್ತು.

ಬೇಸಿಗೆ ಬಿಸಿಲು ಏರುವ ಮೊದಲೇ ಅವಳ ಗಂಡ ಹನುಮಂತರಾಯ ದೊಡ್ಡ ಕುರಿಗಳನ್ನು ಹೊಡೆದುಕೊಂಡು ಗುಡ್ಡದ ಕಡೆ ಹೋಗುತ್ತಿದ್ದ. ಅಷ್ಟು ದೂರ ನಡೆಯಲಾರದ ಎಳೆ ಮರಿಗಳು ಗ್ಯಾನಮ್ಮನ ವಶದಲ್ಲಿ ಹಟ್ಟಿಯಲ್ಲೇ ಉಳಿಯುತ್ತಿದ್ದವು. ಅವಕ್ಕೆಂದು ತೊಗರಿಕಟ್ಟಿಗೆಯ ತಟ್ಟಿ ಹೆಣೆದು, ಸುತ್ತ ಜಾಲಿಮುಳ್ಳು ಒತ್ತಿ ಒಂದು ಗೂಡು ಮಾಡಿದ್ದಳು. ನರಿ ಮುಳ್ಳಿನ ತಂಟೆಗೆ ಹೋಗಲಿಲ್ಲ. ತಟ್ಟಿಯ ಬುಡ ಕೆದರಿ ಒಳಗೆ ಬಂತು. ಬುಡಕ್ಕೆ ಕಲ್ಲು ಹೇರಿದರೆ ಕಲ್ಲಿಲ್ಲದ ಕಡೆ ಕೆದರಿತು. ಬರುವ ಹೊತ್ತೂ ಅದಕ್ಕೆ ಗೊತ್ತಿತ್ತು. ಊರಿನ ನಲ್ಲಿಗೆ ಮುಂಜಾನೆ ಆರೂಕಾಲಿಗೆ ನೀರು ಬಿಡುತ್ತಿದ್ದರು. ಗ್ಯಾನಮ್ಮ ಎರಡು ಕೊಡ ತುಂಬಿಕೊಂಡು ಬರುವುದರೊಳಗೆ ಅದು ತನ್ನ ಕೆಲಸ ಮುಗಿಸಿರುತ್ತಿತ್ತು. ನೀರು ಬಿಡದ ದಿನ ನರಿಯೂ ಬರುತ್ತಿರಲಿಲ್ಲ. ಕಾವಲಿಗೆಂದು ಕೆಂಚ ಎಂಬ ನಾಯಿ ಇತ್ತು. ಅದು ಗ್ಯಾನಮ್ಮನ ಹಿಂದೆಯೇ ನಲ್ಲಿಗೆ ಹೋಗುತ್ತಿತ್ತು.

ಸಂಜೆ ಹನುಮಂತರಾಯ ಬಂದು ಮರಿ ಎಣಿಸುತ್ತಿದ್ದ. ಒಂದು ಕಡಿಮೆ ಬಂದ ದಿನ ಮತ್ತೊಮ್ಮೆ ಎಣಿಸುತ್ತಿದ್ದ. ಆಮೇಲೆ ಕೈಕಾಲು ತೊಳೆದು ಊಟಕ್ಕೆ ಕೂರುತ್ತಿದ್ದ. ಒಂದು ಮಾತೂ ಆಡುತ್ತಿರಲಿಲ್ಲ. ಅವನು ಬೈದಿದ್ದರೆ ಗ್ಯಾನಮ್ಮ ತಿರುಗಿ ಬೈಯುತ್ತಿದ್ದಳು, ಇಬ್ಬರಿಗೂ ಹಗುರವಾಗುತ್ತಿತ್ತು. ಅವನು ರೊಟ್ಟಿ ಮುರಿಯುವ ಸದ್ದು ಕೇಳುತ್ತಾ ಅವಳು ನಾಲ್ಕು ಸಂಜೆ ಕಳೆದಿದ್ದಳು. ಐದನೆಯದು ಬೇಡವಾಗಿತ್ತು.

ಬೋನಿನ ವಿಚಾರ ತಂದವನು ಮಸ್ತಾನಸಾಬ. ಸಂತೆಕಲ್ಲೂರಿಗೂ ಮಸ್ಕಿಗೂ ಆಟೋ ಓಡಿಸುವವನು. ಮುಂಜಾನೆ ಮೊದಲ ಟ್ರಿಪ್ಪಿಗೆ ಮುಂಚೆ ಹಟ್ಟಿಯಲ್ಲಿ ನಿಲ್ಲಿಸಿ ಹಾಲು ಒಯ್ಯುತ್ತಿದ್ದ.

"ಅಕ್ಕಾ, ಅಮೆರಿಕದಾಗೂ ಹಿಂಗs ನರಿ ಅದಾವ. ನೋಡಿಲ್ಲಿ" ಎಂದು ಮೊಬೈಲು ಹಿಡಿದ.

ಟೊಪ್ಪಿಗೆ ಹಾಕಿದ ಬಿಳಿಯನೊಬ್ಬ ಹೊಲದಲ್ಲಿ ಮಂಡಿಯೂರಿ ಮಣ್ಣು ಕೆದರುತ್ತಿದ್ದ. ಹೊಸದಾಗಿ ನರಿ ಹಿಡಿಯುವವರಿಗೆ ಪಾಠ ಹೇಳುತ್ತಿದ್ದಾನೆ ಎಂದು ಮಸ್ತಾನಸಾಬ ವಿವರಿಸಿದ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅನುಮಾನವೂ ಇರಲಿಲ್ಲ.

"ಏನಂತಾನ?"

"ಹೊಸಬರು ಕೈವಾಸನಿ ಬಿಟ್ಟು ಕೆಡಸ್ತಾರ ಅಂತಾನ. ಮನಷ್ಯಾರ ವಾಸನಿ ಬಂದ್ರ ನರಿ ಹಂತ್ಯಾಕ ಬರಂಗಿಲ್ಲಂತ. ಅದಕ್ಕ ಮೊದಲು ಕುದಿಸಬೇಕಂತ."

"ಏನ್ ಕುದಿಸಬೇಕು?"

"ಬೋನು."

ಬೋನು ಪಂಚಾಯಿತಿಯದು. ಮಂಗಗಳ ಕಾಟವೆಂದು ಮೂರು ವರ್ಷದ ಹಿಂದೆ ಮಾಡಿಸಿದ್ದು. ಮಂಗಗಳು ಅದರೊಳಗಿನ ಬಾಳೆಹಣ್ಣನ್ನು ಸರಳಿನ ಸಂದಿಯಿಂದ ಕೈಹಾಕಿ ತಿಂದು ಹೋಗಿದ್ದವು. ಅಂದಿನಿಂದ ಅದು ಕಚೇರಿಯ ಹಿಂದೆ ಕೆಟ್ಟ ಟ್ಯೂಬ್‌ಲೈಟುಗಳನ್ನು ಕಾಯುತ್ತಿತ್ತು. ಮಸ್ತಾನಸಾಬ ಅದನ್ನು ಆಟೋದ ಮೇಲೆ ಕಟ್ಟಿಕೊಂಡು ತಂದಿಳಿಸಿದ. ಐದು ಮೊಳ ಉದ್ದ, ಮೂರು ಮೊಳ ಎತ್ತರ. ಗ್ಯಾನಮ್ಮನ ಮನೆಯ ದೊಡ್ಡ ಪಾತ್ರೆಯಲ್ಲಿ ಹೆಚ್ಚೆಂದರೆ ನಾಲ್ಕು ಸೇರು ಅಕ್ಕಿ ಬೇಯುತ್ತಿತ್ತು.

"ಇದನ್ನ ಎದರಾಗ ಕುದಿಸಲಿ, ಕೆರ್‍ಯಾಗ?"

ಮಸ್ತಾನಸಾಬ ವಿಡಿಯೋ ಮತ್ತೊಮ್ಮೆ ನೋಡಿದ. ಅಮೆರಿಕದವನು ಅದರ ಬಗ್ಗೆ ಏನೂ ಹೇಳಿರಲಿಲ್ಲ. ಕೊನೆಗೆ ಗ್ಯಾನಮ್ಮ ಕುರಿಹಿಕ್ಕೆ ನೀರಲ್ಲಿ ಕಲಸಿ ಸರಳುಗಳಿಗೆಲ್ಲ ಬಳಿದಳು. "ಅದು ಈ ವಾಸನಿಗೇ ಬರೂದು" ಎಂದಳು.

ಮೊದಲ ದಿನ ಕೋಳಿಯ ತಲೆ ಇಟ್ಟಳು. ಕೆಂಚ ಬಿತ್ತು. ಎರಡನೆಯ ದಿನವೂ ಕೆಂಚನೇ. ಬಾಗಿಲು ಬಿದ್ದ ಮೇಲೆ ಅದು ಒಳಗೇ ಮಲಗಿ ನಿದ್ದೆ ಮಾಡಿತ್ತು. ಮೂರನೆಯ ದಿನ ನಾಯಿಯನ್ನು ಕಟ್ಟಿಹಾಕಿದಳು. ಪಕ್ಕದ ಯಮನಮ್ಮನ ಬೆಕ್ಕು ಬಿತ್ತು. ಯಮನಮ್ಮ ಎಪ್ಪತ್ತು ದಾಟಿದವಳು, ಕಣ್ಣು ಮಬ್ಬು, ಬಾಯಿ ಚುರುಕು.

"ನನ್ನ ಬೆಕ್ಕು ನಿನ್ನ ಮರಿ ತಿಂದೈತೇನಬೇ?"

"ಇಲ್ಲಬೇ ಎಮ್ಮಾ, ಕೋಳಿತಲಿ ಆಸೆಕ್ಕ ಹೋಗೈತಿ."

"ಮಾಂಸ ಇಟ್ರ ಊರಾಗಿನವೆಲ್ಲಾ ಬರ್ತಾವ. ನಮ್ಮಪ್ಪ ಹಳ್ಳದ ಉಸುಕಿನಾಗ ಕಲ್ಲಂಗಡಿ ಹಾಕ್ತಿದ್ದ. ಒಂದು ಹಣ್ಣು ನರಿ ಉಳಿಸ್ತಿದ್ದಿಲ್ಲ. ಹಣ್ಣು ಇಡು. ನಾಯಿ ಬೆಕ್ಕು ಮೂಸಿ ನೋಡಂಗಿಲ್ಲ."

ಅಮೆರಿಕದವನ ಪಾಠದಲ್ಲಿ ಇದು ಇರಲಿಲ್ಲ. ಗ್ಯಾನಮ್ಮ ಕೊಳೆಯಲು ಬಂದಿದ್ದ ಅರ್ಧ ಕಲ್ಲಂಗಡಿಯನ್ನು ಬೋನಿನ ಹಿಂತುದಿಯ ಹಲಗೆಯ ಮೇಲಿಟ್ಟು, ಕೊಡ ತೆಗೆದುಕೊಂಡು ನಲ್ಲಿಗೆ ಹೋದಳು. ವಾಪಸು ಬಂದಾಗ ಬಾಗಿಲು ಬಿದ್ದಿತ್ತು. ಒಳಗೆ ನರಿ ಕೂತಿತ್ತು. ಹಣ್ಣು ಪೂರ್ತಿ ಮುಗಿಸಿ, ಬೀಜ ಉಗುಳಿತ್ತು.

ಗ್ಯಾನಮ್ಮ ಕೊಡ ಇಳಿಸಿ ಮರಿ ಎಣಿಸಿದಳು. ಏಳು. ಇನ್ನೊಮ್ಮೆ ಎಣಿಸಿದಳು. ಆಮೇಲೆ ನರಿಯನ್ನು ನೋಡಿದಳು. ನಾಲ್ಕು ಮರಿ ತಿಂದ ಪ್ರಾಣಿಗೆ ಅದು ತೀರಾ ಸಣ್ಣದಾಗಿತ್ತು.

ಅಲ್ಲಿಗೆ ಮುಗಿಯಬೇಕಿತ್ತು. ಸಂಜೆ ಹನುಮಂತರಾಯ ಬಂದು ನೋಡಿ, "ನಾಳಿ ಗುಡ್ಡದಾಚಿ ಒಯ್ದು ಬಿಟ್ಟು ಬರ್ತೀನಿ" ಎಂದ. ಅದು ಆ ವಾರದಲ್ಲಿ ಅವನಾಡಿದ ಅತಿ ಉದ್ದದ ಮಾತು. ಆದರೆ ಅಷ್ಟರಲ್ಲಿ ಮಸ್ತಾನಸಾಬ ಬಂದ. ಮುಂಜಾನೆ ಹಾಲಿಗೆ ಬಂದಾಗ ಅವನು ನರಿಯ ಮುಖ ನೋಡಿ ಹೋಗಿದ್ದ. ಎದ್ದು ನರಿಯ ಮಾರಿ ನೋಡಿದರೆ ಅಂದಿನ ದಿನ ಒಳ್ಳೆಯದಾಗುತ್ತದೆ ಎಂಬುದು ಆ ಕಡೆ ಎಲ್ಲರಿಗೂ ಗೊತ್ತಿದ್ದ ವಿಷಯ. ನರಿ ಮಾತ್ರ ಯಾರಿಗೂ ಸಿಗುತ್ತಿರಲಿಲ್ಲ.

"ಅಣ್ಣಾ, ಖಸಮ್, ಆಣಿ ಮಾಡಿ ಹೇಳ್ತೀನಿ. ಮಸ್ಕಿತನಕ ಒಂದು ಸೀಟು ಖಾಲಿ ಇಲ್ಲ. ಪೊಲೀಸರು ಎಲ್ಲಾ ಗಾಡಿ ನಿಲ್ಸ್ಯಾರ, ನನ್ನ ಬಿಟ್ಟಾರ. ಹನ್ನೆರಡು ಮಂದಿ ಕುಂತಿದ್ರು ಬಿಟ್ಟಾರ! ಒಂದು ದಿನ ಇರಲಿ ಅಣ್ಣಾ. ನಾಳೆ ಒಬ್ಬಾಕಿ ಹುಡುಗಿದು ಪಿಯುಸಿ ರಿಜಲ್ಟ್ ಐತಿ."

ಹುಡುಗಿಯ ಫಲಿತಾಂಶವೆಂದರೆ ಇಲ್ಲವೆನ್ನಲು ಯಾರಿಗೂ ಬಾಯಿ ಬರಲಿಲ್ಲ. ಹುಡುಗಿ ತಾಯಿಯ ಜೊತೆ ಬಂದು ನೋಡಿದಳು, ಪಾಸಾದಳು. ಅವಳು ಹೇಗೂ ಜಾಣೆ ಎಂಬುದು ಯಾರ ನೆನಪಿಗೂ ಬರಲಿಲ್ಲ. ಮರುದಿನ ಮುಂಜಾನೆ ಹಟ್ಟಿಯ ಮುಂದೆ ಇಪ್ಪತ್ತು ಜನ ನಿಂತಿದ್ದರು. ಲಿಂಗಸುಗೂರು ಕೋರ್ಟಿನಲ್ಲಿ ಜಾಗದ ತಕರಾರು ಇದ್ದವನು. ಸಿಂಧನೂರಿಗೆ ಹೆಣ್ಣು ನೋಡಲು ಹೊರಟ ಒಂದು ಕುಟುಂಬ, ಹುಡುಗನ ಮಾವನ ಸಮೇತ. ದಢೇಸುಗೂರಿನಿಂದ ಬೈಕಿನಲ್ಲಿ ಬಂದ ಇಬ್ಬರು, ಏಕೆಂದು ಅವರು ಹೇಳಲಿಲ್ಲ. ಕೆಲವರು ದಾರಿಯಲ್ಲಿ ಬೇರೆ ಯಾರ ಮಾರಿಯೂ ಕಾಣಬಾರದೆಂದು ತಲೆ ಮೇಲೆ ಟವೆಲ್ ಇಳಿಬಿಟ್ಟುಕೊಂಡು, ಒಬ್ಬರ ಹೆಗಲು ಒಬ್ಬರು ಹಿಡಿದು ಬಂದಿದ್ದರು.

ನರಿಗೆ ಜನ ಇಷ್ಟವಾಗಲಿಲ್ಲ. ಅದು ಮೂಲೆಗೆ ಮಾರಿ ಹಾಕಿ ಎಲ್ಲರಿಗೂ ಬಾಲ ತೋರಿಸಿತು.

"ಅಕ್ಕಾ, ಇದರ ಬಾಲ ನೋಡಿದ್ರ ಹ್ಯಾಂಗ್ರೀ?" ಕೋರ್ಟಿನವನು ಗಾಬರಿಯಾದ.

"ಬಾಲಕ್ಕ ಏನೂ ಇಲ್ಲ, ಚಲೋನೂ ಇಲ್ಲ ಕೆಟ್ಟದ್ದೂ ಇಲ್ಲ" ಎಂದು ಯಮನಮ್ಮ ತೀರ್ಪು ಕೊಟ್ಟಳು.

ಗ್ಯಾನಮ್ಮ ಬೋನಿನ ಒಂದು ತುದಿ ಹಿಡಿದು ತಿರುಗಿಸಿದಳು. ನರಿ ಒಳಗೆ ತಿರುಗಿ ಮತ್ತೆ ಬಾಲ ತೋರಿಸಿತು. ಹೀಗೆ ಅವಳು ಬೋನು ತಿರುಗಿಸುವುದು, ನರಿ ತಾನು ತಿರುಗುವುದು ಬಹಳ ಹೊತ್ತು ನಡೆಯಿತು. ಕೊನೆಗೆ ಜನವೇ ಸುತ್ತ ನಿಂತರು. ಆಗ ಅದಕ್ಕೆ ಮಾರಿ ಇಡಲು ಜಾಗ ಉಳಿಯಲಿಲ್ಲ.

ಅದರ ಮರುದಿನ ಫಾರೆಸ್ಟ್ ಗಾರ್ಡ್ ಆನಂದಕುಮಾರ ಬಂದ. ಬೈಕು ನಿಲ್ಲಿಸಿ, ಹೆಲ್ಮೆಟ್ ತೆಗೆಯದೆ ಮಾತಾಡಿದ.

"ಇದು ಅಪರಾಧ ಐತಿ ಗೊತ್ತೇನಮ್ಮಾ? ನರಿ ಹಿಡಿಯಂಗಿಲ್ಲ, ಬಡಿಯಂಗಿಲ್ಲ, ಸಾಕಂಗಿಲ್ಲ."

"ಸಾಕಿಲ್ರೀ ಸಾಹೇಬ್ರ. ಅದು ನಮ್ಮ ಮರಿ ತಿಂದೈತಿ."

"ಮರಿ ತಿಂದ್ರ ಅರ್ಜಿ ಕೊಡಬೇಕು."

"ನರಿ ಬಂದು ಹೋಗಾಕ ಅರ್ಧ ತಾಸು ಸಾಕ್ರೀ. ಅರ್ಜಿಗೆ ಎಷ್ಟು ದಿನ?"

ಆನಂದಕುಮಾರ ಬೈಕಿನ ಕೀಲಿ ಜೇಬಿಗೆ ಹಾಕಿಕೊಂಡ. ನಾಳೆ ಗಾಡಿ ಬರುತ್ತದೆ, ಒಯ್ದು ಕಾಡಿಗೆ ಬಿಡುತ್ತೇವೆ, ಅಲ್ಲಿಯವರೆಗೆ ಯಾರೂ ಅದನ್ನು ನೋಡಕೂಡದು ಎಂದ. ಆಮೇಲೆ ಹೆಲ್ಮೆಟ್ ತೆಗೆದು, ಬೋನಿನ ಮುಂದೆ ಕುಕ್ಕರಗಾಲಲ್ಲಿ ಕೂತು, ನರಿಯ ಮಾರಿಯನ್ನು ನಿಧಾನವಾಗಿ ನೋಡಿದ. ಅವನ ವರ್ಗಾವಣೆಯ ಅರ್ಜಿ ಎರಡು ವರ್ಷದಿಂದ ಮೇಲಿನ ಕಚೇರಿಯಲ್ಲೇ ಕೂತಿತ್ತು.

ಮರುದಿನ ನರಿಯ ಕೊನೆಯ ದಿನವೆಂದು ಸುದ್ದಿಯಾಗಿ ಐವತ್ತು ಜನ ಸೇರಿದರು. ಗ್ಯಾನಮ್ಮನಿಗೆ ನೀರಿಗೂ ಹೋಗಲಾಗಲಿಲ್ಲ. ಇಷ್ಟು ಜನರ ನಡುವೆ ಮರಿಗಳಿಗೆ ಏನು ಭಯ ಎಂದುಕೊಂಡು ಗೂಡಿಗೆ ಬೆನ್ನು ಹಾಕಿ, ಕೈಯಲ್ಲಿ ಕೋಲು ಹಿಡಿದು, "ತಳ್ಳಬ್ಯಾಡ್ರಿ, ಕೂಸು ಅದಾವ" ಎನ್ನುತ್ತಾ ನಿಂತಿದ್ದಳು. ಐವತ್ತು ಜನ ಒಂದೇ ಕಡೆ ನೋಡುತ್ತಿದ್ದರು. ಕೆಂಚನೂ ಅಲ್ಲೇ ನೋಡುತ್ತಿತ್ತು.

ಯಮನಮ್ಮ ಆ ದಿನ ತಡವಾಗಿ ಎದ್ದಿದ್ದಳು. ಹಿತ್ತಲ ಕಡೆಯಿಂದ ಬಂದವಳು ಮರಿಗಳ ಗೂಡಿನ ಹತ್ತಿರ ನಿಂತು ಎರಡೂ ಕೈ ಮುಗಿದಳು.

"ನೋಡವ್ವಾ ಗ್ಯಾನಿ, ನೀವೆಲ್ಲಾ ಕಟ್ಟಿಹಾಕಿದ್ದು ನೋಡಾಕತ್ತೀರಿ. ನನಗ ನಡದಾಡೋ ನರಿ ಮಾರಿನೇ ಕಾಣ್ತು!"

"ಎಲ್ಲಿ?"

"ಇಲ್ಲೇ, ಎದುರಿಗೇ ಬಂದಿತ್ತು. ಬಾಯಾಗ ಏನೋ ಬೆಳ್ಳಂದು ಇತ್ತು."

ಐವತ್ತು ಜನ ತಿರುಗಿದರು. ತಟ್ಟಿಯ ಬುಡದಲ್ಲಿ ಹೊಸ ಮಣ್ಣು ಬಿದ್ದಿತ್ತು. ಜೋಳದ ಕೂಳೆಯ ಆಚೆ, ಬೋನಿನೊಳಗಿನದಕ್ಕಿಂತ ಒಂದು ಗೇಣು ದೊಡ್ಡದಾದ ನರಿ, ಯಾವ ಅವಸರವೂ ಇಲ್ಲದೆ ಹಳ್ಳಕ್ಕೆ ಇಳಿಯುತ್ತಿತ್ತು. ಇಬ್ಬರು ಅದರ ಹಿಂದೆ ಓಡಿದರು. ಉಳಿದವರು ಇಷ್ಟು ದೂರದಿಂದ ಹಿಂಬದಿ ಕಂಡರೆ ಲೆಕ್ಕಕ್ಕೆ ಬರುತ್ತದೆಯೇ ಎಂದು ತಮ್ಮಲ್ಲೇ ಕೇಳಿಕೊಂಡರು.

ಗ್ಯಾನಮ್ಮ ಮರಿ ಎಣಿಸಿದಳು. ಆರು. ಎರಡನೆಯ ಸಲ ಎಣಿಸಲಿಲ್ಲ. ನೇರ ಬೋನಿನ ಹತ್ತಿರ ಹೋಗಿ ಬಾಗಿಲು ಎತ್ತಿದಳು.

"ಅಕ್ಕಾ! ಏನ್ ಮಾಡಾಕತ್ತಿ? ಕೋರ್ಟಿನವ ಇವತ್ತೂ ಬಂದಾನ, ಇನ್ನಾ ನೋಡಿಲ್ಲ!" ಮಸ್ತಾನಸಾಬ ಕೂಗಿದ.

"ನೋಡು ಅನ್ನು ಲಗೂನ."

ನರಿ ಬಾಗಿಲಲ್ಲಿ ಒಂದು ಕ್ಷಣ ನಿಂತು, ಜನ ದಾರಿ ಬಿಟ್ಟ ಕೂಡಲೇ ಹಳ್ಳದ ಕಡೆ ಓಡಿತು. ಗ್ಯಾನಮ್ಮ ಬೋನಿನೊಳಗೆ ಹಿಂದಿನ ದಿನದ ಎರಡು ಕೊಡ ನೀರು ಸುರಿದು ತಿಕ್ಕಿದಳು, ಹುಲ್ಲು ಹಾಸಿದಳು. ಆರು ಮರಿಗಳನ್ನು ಒಂದೊಂದಾಗಿ ಎತ್ತಿ ಒಳಗಿಟ್ಟು ಬಾಗಿಲು ಇಳಿಸಿದಳು. ಅಡಿಗೂ ಸರಳಿತ್ತು, ಮೇಲೂ ಸರಳಿತ್ತು. ಆ ಬೋನನ್ನು ಯಾರು ಮಾಡಿದ್ದರೋ, ಕೆದರಿ ಒಳಗೆ ಬರಲು ಎಲ್ಲೂ ಜಾಗ ಬಿಟ್ಟಿರಲಿಲ್ಲ.

ಹತ್ತು ಗಂಟೆಗೆ ಗಾಡಿ ಬಂತು. ಆನಂದಕುಮಾರ ಇಳಿದು ಬೋನಿನೊಳಗೆ ಇಣುಕಿದ.

"ನರಿ ಎಲ್ಲಮ್ಮಾ?"

"ಹಿಡಿಯಂಗಿಲ್ಲ ಅಂದ್ರಿ. ಬಿಟ್ಟೀನ್ರಿ."

ಅವನು ಸ್ವಲ್ಪ ಹೊತ್ತು ಮರಿಗಳನ್ನು ನೋಡಿದ. ಮರಿಗಳೂ ಅವನನ್ನು ನೋಡಿದವು. ಕುರಿಮರಿ ಹಿಡಿಯಬಾರದು ಎಂದು ಎಲ್ಲೂ ಬರೆದಿರಲಿಲ್ಲ. ಗಾಡಿ ಖಾಲಿ ಹೋಯಿತು.

ಸಂಜೆ ಹನುಮಂತರಾಯ ಬಂದು ಮೊದಲು ಗೂಡು ನೋಡಿದ, ಆಮೇಲೆ ಬೋನು ನೋಡಿದ. ಸರಳಿನ ಆಚೆ ನಿಂತು ಎಣಿಸಿದ. ಆರು. ಮತ್ತೊಮ್ಮೆ ಎಣಿಸಿದ. ಗ್ಯಾನಮ್ಮ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ನನ್ನ ಬೆನ್ನ ಹಿಂದs ಹೋತು" ಎಂದಳು. "ಐವತ್ತು ಮಂದಿ ಇದ್ವಿ."

ಹನುಮಂತರಾಯ ಕೈಕಾಲು ತೊಳೆಯಲು ಹೋಗಲಿಲ್ಲ. ಆಟೋ ನಿಲ್ಲುವ ಜಾಗದಲ್ಲಿ ಬಿದ್ದಿದ್ದ ತಂತಿ ತುಂಡೊಂದನ್ನು ಹುಡುಕಿ ತಂದು, ಬೋನಿನ ಬಾಗಿಲಿಗೆ ಸುತ್ತಿ ಸುತ್ತಿ ಬಿಗಿದ.

"ಪಂಚಾಯತಿಯವರು ಬೋನು ಕೇಳ್ತಾರ" ಎಂದ.

"ಯಾಕ?"

"ಮಂಗ್ಯಾ ಬಂದ್ರ ಬೇಕಾಕೈತಿ."

"ಬಂದಾಗ ನೋಡೋಣು."

ಅವನು ತಂತಿಯನ್ನು ಇನ್ನೊಂದು ಸುತ್ತು ಸುತ್ತಿ, ಬಾಗಿಲನ್ನು ಜಗ್ಗಿ ನೋಡಿ, ಊಟಕ್ಕೆ ಕೂತ.